ಅಜ್ಜಿ ಮಂಡಿಗೆ ರೋಬೋಟ್ ಬೇಕಾ?

ಹೊಳಲಿನ ಗೆಳೆಯನೊಬ್ಬ ಹೋದ ತಿಂಗಳು ನಮ್ಮ ಹಾಸ್ಟೆಲ್ ರೂಮಿಗೆ ಒಂದು ಪ್ರಶ್ನೆ ತಂದ. ಅವರಜ್ಜಿಯ ಎರಡೂ ಮಂಡಿ ಸವೆದಿವೆ. ಮಾಮೂಲಿ ವಿಧಾನದಲ್ಲಿ ಕೀಲು ಬದಲಿಸಿದರೆ ಒಂದು ರೇಟು, ರೋಬೋಟ್ ಬಳಸಿದರೆ ಇನ್ನೂ ಜಾಸ್ತಿ. ಮನೆಯಲ್ಲಿ ಅರ್ಧ ಎಕರೆ ಹೊಲ ಮಾರುವ ಮಾತು ನಡೆದಿದೆ. "ನೀವು ಇಂಜಿನಿಯರಿಂಗ್ ಓದೋರು, ಯಾವ್ದು ಚಲೋ ಹೇಳ್ರಪ್ಪ" ಅಂತ ಅವರಪ್ಪ ಫೋನಲ್ಲಿ ಕೇಳಿದರು.

ನಾವೆಲ್ಲ ಒಂದೇ ಉಸಿರಿಗೆ "ರೋಬೋಟ್" ಅಂದ್ವಿ. ಓದಿದ್ದು ಆಮೇಲೆ. ಓದಿದ ಮೇಲೆ ನಾಚಿಕೆ ಆಯ್ತು.

ಎರಡರಲ್ಲೂ ಕೆಲಸ ಒಂದೇ: ಸವೆದ ಮೂಳೆತುದಿ ಕತ್ತರಿಸಿ ಲೋಹದ ಭಾಗ ಕೂರಿಸುವುದು, ನಡುವೆ ಪಾಲಿಎಥಿಲೀನ್ ಇಡುವುದು. ಮಾಮೂಲಿ ವಿಧಾನದಲ್ಲಿ ತೊಡೆಮೂಳೆಯೊಳಗೆ ಸರಳು ತೂರಿಸಿ, ಅದರ ಆಧಾರಕ್ಕೆ ಜಿಗ್ ಇಟ್ಟು ಕೊಯ್ಯುತ್ತಾರೆ. ರೋಬೋಟ್ ಆದರೆ ಕಂಪ್ಯೂಟರ್ ಹಾಕಿದ ಗೆರೆಗೆ ಸರಿಯಾಗಿ ಕೊಯ್ಯಲು ನೆರವಾಗುತ್ತದೆ. ಕಾಲಿನ ನೇರ ಮೂರು ಡಿಗ್ರಿಯೊಳಗೆ ಬರಬೇಕು ಅನ್ನುವುದು ರೂಢಿಯ ಟಾಲರೆನ್ಸ್. ಅದನ್ನು ರೋಬೋಟ್ ಹೆಚ್ಚು ಸಲ ಮುಟ್ಟುತ್ತದೆ, ನಿಜ.

ಆದರೆ ಅಜ್ಜಿಗೆ ಬೇಕಿರೋದು ಡಿಗ್ರಿ ಅಲ್ಲ, ನೋವಿಲ್ಲದ ನಡಿಗೆ. ದಕ್ಷಿಣ ಕೊರಿಯಾದಲ್ಲಿ ಎರಡೂ ಬಗೆಯ ರೋಗಿಗಳನ್ನು ಕನಿಷ್ಠ 10 ವರ್ಷ ಗಮನಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ನೋವಿನಲ್ಲಾಗಲಿ, ನಡಿಗೆಯಲ್ಲಾಗಲಿ, ಕೀಲಿನ ಬಾಳಿಕೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದು ಹಳೇ ತಲೆಮಾರಿನ ರೋಬೋಟ್ ಅನ್ನಬಹುದು, ಒಪ್ಪೋಣ. ಹೊಸದು ಮುಂದೆ ಗೆಲ್ಲಲೂಬಹುದು. ಆದರೆ ಹೊಲ ಮಾರುವಷ್ಟು ಸಾಕ್ಷಿ ನಮಗೆ ಸಿಗಲಿಲ್ಲ. ತೊಡೆಯ ಸ್ನಾಯು ಕೊಯ್ಯದೆ ಪಕ್ಕಕ್ಕೆ ಸರಿಸುವ ವಿಧಾನದ ಕತೆಯೂ ಹೀಗೇ: ಮೊದಲ ದಿನಗಳು ಸ್ವಲ್ಪ ಹಗುರ, ಆಮೇಲೆ ಹೆಚ್ಚುಕಡಿಮೆ ಸಮ.

2017ರಲ್ಲಿ ಕೇಂದ್ರ ಸರ್ಕಾರ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿಯ ಮಿತಿ ಹಾಕಿತು. ಆ ಮಿತಿ ಕೀಲಿಗೆ ಮಾತ್ರ, ಯಂತ್ರದ ಚಾರ್ಜಿಗಲ್ಲ.

ಹಾಗಾಗಿ ನಾವು ಗೆಳೆಯನ ಅಪ್ಪನಿಗೆ ಮತ್ತೆ ಫೋನ್ ಮಾಡಿ ಹೇಳಿದ್ವಿ: "ಯಂತ್ರ ಯಾವುದು ಅಂತ ಕೇಳೋಕ್ಕಿಂತ ಮೊದ್ಲು, ಡಾಕ್ಟರು ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡ್ತಾರೆ ಕೇಳ್ರಿ. ಊರಿಗೆ ಬಂದ ಮೇಲೆ ವ್ಯಾಯಾಮ ಮಾಡಿಸೋರು ಯಾರು ಅಂತ ಗೊತ್ತು ಮಾಡ್ಕೊಳ್ರಿ. ಅಜ್ಜಿ ನೆಲಕ್ಕೆ ಕೂತು ರೊಟ್ಟಿ ಬಡಿಯೋರು. ಒಲೆ ಕಟ್ಟೆ ಮೇಲೆ ಇಡ್ರಿ, ಕಮೋಡ್ ಹಾಕಿಸ್ರಿ."

ನಾಳೆ ಇಂಥ ಯಂತ್ರ ಮಾಡೋರು ನಾವೇ. ಬ್ಲೇಡಿನ ನಿಖರತೆಯನ್ನು ಖಂಡಿತ ಅಳೆಯೋಣ. ಜೊತೆಗೆ, ಅಜ್ಜಿ ಹಡಗಲಿ ಬಸ್ಸಿನ ಮೆಟ್ಟಿಲು ತಾನೇ ಹತ್ತಿದಳಾ ಅನ್ನೋದನ್ನೂ ಅಳೆಯೋಣ.