ವಾರದ ರಜೆ ಮತ್ತು ಊರು ನೋಡುವ ಹಕ್ಕು

ಮುಂಬಯಿಗೆ ಬಂದು ಹತ್ತು ವರ್ಷಗಳಾದರೂ ಮುಂಬಯಿಯನ್ನು ನೋಡದ ಬಾಂಧವರು ನಮ್ಮಲ್ಲಿ ಅನೇಕರಿದ್ದಾರೆ. ಅವರು ಬಲ್ಲದ್ದು ಹೊಟೇಲಿನ ಅಡಿಗೆಮನೆ, ಮಲಗುವ ಕೋಣೆ ಮತ್ತು ಊರಿಗೆ ಹೊರಡುವ ಸ್ಟೇಶನ್, ಇಷ್ಟೇ. ಬೆಳಗಿನ ಐದಕ್ಕೆದ್ದು ರಾತ್ರಿ ಹನ್ನೊಂದಕ್ಕೆ ಮೇಜು ಒರಸಿ ಮಲಗುವವನಿಗೆ ಕಟ್ಟಡ ನೋಡುವ ಚಪಲವೇಕೆ ಎಂದು ಕೇಳುವವರಿದ್ದಾರೆ. ಅಂಥವರಿಗೆ ಉತ್ತರ ಹೇಳುವುದು ಅವಶ್ಯವೆಂದು ನಾವು ತಿಳಿಯುತ್ತೇವೆ.

ನಮ್ಮಲ್ಲಿ ಹಲವರು ಮೊದಲು ಬಂದಿಳಿದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸನ್ನೇ ನೋಡಿರಿ. 1878ರಲ್ಲಿ ಆರಂಭವಾದ ಆ ಕೆಲಸ ಮುಗಿಯಲು ಹತ್ತು ವರ್ಷ ಹಿಡಿಯಿತು. ನಕ್ಷೆ ಬರೆದ ಸ್ಟೀವನ್ಸ್ ಸಾಹೇಬರ ಹೆಸರು ಪುಸ್ತಕಗಳಲ್ಲಿದೆ. ಕಲ್ಲು ಹೊತ್ತವರ ಹೆಸರು ಹುಡುಕಿದರೂ ಸಿಗದು. ಆದರೆ ಅಲ್ಲಿನ ಎಲೆ, ಹಕ್ಕಿ, ಪ್ರಾಣಿಗಳ ಕೆತ್ತನೆಯಲ್ಲಿ ಇಲ್ಲಿಯ ಕಲಾಶಾಲೆಯ ವಿದ್ಯಾರ್ಥಿಗಳ ಕೈಯಿದೆ. 2004ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪರದೇಶದವರು ಕತ್ತೆತ್ತಿ ನೋಡುವ ಆ ಗುಮ್ಮಟದ ಕೆಳಗೆ ನಾವು ಚೀಲ ಹೊತ್ತು ತಲೆ ತಗ್ಗಿಸಿ ಓಡುತ್ತೇವೆ!

ಅಲ್ಲಿಂದ ನಡೆದೇ ಹೋಗಬಹುದಾದ ಹುತಾತ್ಮ ಚೌಕದಲ್ಲಿ ಮಶಾಲು ಹಿಡಿದು ನಿಂತವರು ರಾಜಮಹಾರಾಜರಲ್ಲ. ಒಬ್ಬ ಕಾರ್ಮಿಕ, ಒಬ್ಬ ರೈತ. ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಪ್ರಾಣ ತೆತ್ತವರ ಸ್ಮಾರಕವದು. ಮುಂದೆ ಓವಲ್ ಮೈದಾನ. ಅದರ ಪೂರ್ವಕ್ಕೆ ಹೈಕೋರ್ಟು ಮತ್ತು ರಾಜಾಬಾಯಿ ಗೋಪುರ, ಪಶ್ಚಿಮಕ್ಕೆ ಆರ್ಟ್ ಡೆಕೋ ಮಾದರಿಯ ವಸತಿ ಕಟ್ಟಡಗಳು. ಇವೂ 2018ರಲ್ಲಿ ಅದೇ ಪಟ್ಟಿಗೆ ಸೇರಿದವು. ಇನ್ನು ಗೇಟ್‌ವೇ ಆಫ್ ಇಂಡಿಯಾ. 1911ರಲ್ಲಿ ಬ್ರಿಟಿಷ್ ದೊರೆ ಬಂದಿಳಿದ ನೆನಪಿಗೆಂದು ಕಟ್ಟಿದ ಆ ಕಮಾನು ಮುಗಿದದ್ದು 1924ರಲ್ಲಿ. 1948ರ ಫೆಬ್ರವರಿ 28ರಂದು ಅದೇ ಕಮಾನಿನ ಮೂಲಕ ಬ್ರಿಟಿಷ್ ಸೈನ್ಯದ ಕೊನೆಯ ತುಕಡಿ ಹೊರಟುಹೋಯಿತು. ಯಾವ ಅಧಿಕಾರವೂ ಶಾಶ್ವತವಲ್ಲವೆಂಬ ಪಾಠಕ್ಕೆ ಇದಕ್ಕಿಂತ ದೊಡ್ಡ ಶಾಲೆ ಬೇಕೆ?

ಇವನ್ನು ಹೊರಗಿನಿಂದ ನೋಡಲು ಟಿಕೇಟಿಲ್ಲ. ಹಾಗಾದರೆ ನಮಗಿರುವ ಕೊರತೆ ಹಣದ್ದಲ್ಲ, ಹೊತ್ತಿನದು. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯು ತನ್ನ ವ್ಯಾಪ್ತಿಗೆ ಬರುವ ಪ್ರತಿಯೊಬ್ಬ ಕೆಲಸಗಾರನಿಗೂ ವಾರಕ್ಕೊಮ್ಮೆ ಸತತ 24 ಗಂಟೆಗಳ ವಿಶ್ರಾಂತಿ ಕೊಡಬೇಕೆಂದು ಹೇಳಿದೆ. ಮಧ್ಯಾಹ್ನ ಬಿಟ್ಟು ಸಂಜೆ ಹಿಟ್ಟು ರುಬ್ಬಲು ಕರೆಯುವುದು ರಜೆಯಲ್ಲ. ಹುಡುಗರು ಹೊರಗೆ ತಿರುಗಿದರೆ ಕೆಡುತ್ತಾರೆಂದು ಕೆಲವು ಧಣಿಗಳು ಹೇಳುವುದುಂಟು. ಊರು ನೋಡಿದವನು ಕೆಡುವುದಿಲ್ಲ. ತಾನು ಇಲ್ಲಿ ಬಂದುಹೋಗುವವನಲ್ಲ, ಈ ನಗರಕ್ಕೆ ಅನ್ನ ಬಡಿಸುವವನು ಎಂಬುದನ್ನು ಅರಿಯುತ್ತಾನೆ. ಆ ಅರಿವೇ ಕೆಲವರಿಗೆ ಬೇಡವಾಗಿರಬಹುದು.

ಆದುದರಿಂದ ಯಾರಿಗೆ ಯಾವ ದಿನ ರಜೆ ಎಂಬ ಪಟ್ಟಿಯನ್ನು ಪ್ರತಿ ಹೊಟೇಲಿನ ಗೋಡೆಗೆ ಅಂಟಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಹಿರಿಯ ಬಾಂಧವರಲ್ಲಿ ಇನ್ನೊಂದು ವಿನಂತಿ: ಮುಂದಿನ ರಜೆಯ ದಿನ ಕೋಣೆಯಲ್ಲಿ ಮಲಗಿ ಕಳೆಯಬೇಡಿರಿ. ಹೊಸದಾಗಿ ಬಂದ ತಮ್ಮಂದಿರನ್ನು ಕರೆದುಕೊಂಡು ಹೊರಡಿರಿ. ಮೊದಲು ಹುತಾತ್ಮ ಚೌಕವನ್ನು ತೋರಿಸಿರಿ.