ಹೊಸ ಹಾರ್ಡ್ ಡಿಸ್ಕಿಗೆ 768 ದಿನದ ವಯಸ್ಸು

ಸೀಲ್ ಒಡೆದು ಹತ್ತು ನಿಮಿಷವೂ ಆಗಿರದ ಹಾರ್ಡ್ ಡಿಸ್ಕ್ 18,432 ತಾಸು ಓಡಿದೆ ಅಂತ ನನ್ನ ಲ್ಯಾಪ್‌ಟಾಪ್ ತೋರಿಸಿತು. 24ರಿಂದ ಭಾಗಿಸಿದೆ. 768 ದಿನ. ಅಂದರೆ ಎರಡು ವರ್ಷಕ್ಕೂ ಹೆಚ್ಚು ಕಾಲ ಯಾರದೋ ಯಂತ್ರದಲ್ಲಿ ಗಿರಗಿರ ತಿರುಗಿ, ಮೈ ಒರೆಸಿಕೊಂಡು, ಹೊಸ ಪ್ಲಾಸ್ಟಿಕ್ ಚೀಲದಲ್ಲಿ ನಮ್ಮ ಹಳಿಯಾಳದ ಮನೆಗೆ ಬಂದಿತ್ತು.

ಬೇಕಾಗಿದ್ದು ತಮ್ಮನ ಪಿಎಸ್4ಗೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡಿದ್ದು, ಬೆಂಗಳೂರಿನ ಪೀಜಿಯಲ್ಲಿ ಜಾಗ ಇಲ್ಲದ್ದಕ್ಕೆ ಊರಲ್ಲಿ ಅವನ ಪಾಲಾಗಿತ್ತು. ಈ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು, ಹೋಗಿ ಬಂದು, ಒಂದು ಸಂಜೆ ಒಳಗಿಂದ ಟಕ್ ಟಕ್ ಸದ್ದು ಶುರುವಾಯಿತಂತೆ. ಮರುದಿನ ಶುರುವಾಗಲೇ ಇಲ್ಲ. ಅವ್ವ ಬ್ಲೌಸ್ ಹೊಲಿದು ಕೂಡಿಸಿಟ್ಟಿದ್ದರಲ್ಲಿ 3,500 ರೂಪಾಯಿ ತೆಗೆದು ಕೊಟ್ಟಳು. ತಮ್ಮ ಹುಬ್ಬಳ್ಳಿ ಬಸ್ ಹತ್ತಿದ. ನನಗೆ ಒಂದು ಮಾತು ಫೋನ್ ಮಾಡಲಿಲ್ಲ ಅನ್ನೋದು ಬೇರೆ ಸಿಟ್ಟು.

ಅಂಗಡಿಯವರು ಹೇಳಿದ್ದು ಇಷ್ಟು: "ಇದು ಸೋನಿ ಒರಿಜಿನಲ್ ಐತಿ. ಬ್ಯಾರೆ ಹಾಕಿದ್ರ ಮಶೀನ್ ತಗೊಳ್ಳೂದಿಲ್ಲ ನೋಡು."

ಇಲ್ಲೇ ಇರೋದು ವಿಷಯ. ಪಿಎಸ್4ಗೆ 'ಸೋನಿ ಒರಿಜಿನಲ್' ಡಿಸ್ಕ್ ಅಂತ ಪ್ರತ್ಯೇಕ ಒಂದಿಲ್ಲ. ಒಳಗಿರೋದು ಲ್ಯಾಪ್‌ಟಾಪಿಗೆ ಹಾಕುವಂಥದ್ದೇ ಎರಡೂವರೆ ಇಂಚಿನ ಸಾಟಾ ಡಿಸ್ಕ್, ಡಿಸ್ಕ್ ತಯಾರಿಸುವ ಕಂಪನಿಗಳದ್ದು. ಬದಲಿಸೋದು ಹೇಗೆ ಅಂತ ಸೋನಿಯೇ ಕೈಪಿಡಿಯಲ್ಲಿ ಹೇಳಿದೆ: ದಪ್ಪ 9.5 ಮಿಲಿಮೀಟರ್ ಮೀರಬಾರದು, ಜಾಗ ಕನಿಷ್ಠ 160 ಜಿಬಿ ಇರಬೇಕು. ಅಷ್ಟೇ. ನಾಲ್ಕು ಟಿಬಿಯದು ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ, ಆ ಎರಡೂವರೆ ಇಂಚಿನವು 15 ಮಿಲಿಮೀಟರ್ ದಪ್ಪ, ಒಳಗೆ ಕೂರೋದೇ ಇಲ್ಲ. ಈ 'ಒರಿಜಿನಲ್' ಮಾತಿಗೆ ಅರ್ಥ ಇದ್ದದ್ದು ಎಕ್ಸ್‌ಬಾಕ್ಸ್ 360 ಕಾಲದಲ್ಲಿ. ಅದರ ಡಿಸ್ಕಿನಲ್ಲಿ ಮೈಕ್ರೋಸಾಫ್ಟ್ ಬರೆದಿಟ್ಟ ಗುರುತಿನ ಮಾಹಿತಿ ಇಲ್ಲದಿದ್ದರೆ ಕನ್ಸೋಲ್ ಒಪ್ಪುತ್ತಿರಲಿಲ್ಲ. ಆಗ ಅದೇ ಗುರುತನ್ನು ಬೇರೆ ಡಿಸ್ಕಿಗೆ ಬರೆದು, ಅಂಥದ್ದೇ ಕವಚ ತೊಡಿಸಿ ಮಾರುವವರು ಹುಟ್ಟಿಕೊಂಡರು.

ಹಾಗಾದರೆ ಪಿಎಸ್4ಗೆ ಅಸಲಿ ಅಂದರೇನು? ನಿಜವಾಗಿ ಹೊಸದು, ಬರೆದಷ್ಟು ಜಾಗ ಇರುವಂಥದ್ದು, ಕಂಪನಿಯ ವಾರಂಟಿ ನಮ್ಮ ಹೆಸರಿಗೆ ಸಿಗುವಂಥದ್ದು. ನೋಡೋದು ಕಷ್ಟವಲ್ಲ. ಕನ್ಸೋಲಿಗೆ ಹಾಕೋ ಮೊದಲು ಸಾಟಾ–ಯುಎಸ್‌ಬಿ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಉಚಿತ ತಂತ್ರಾಂಶ ತೆರೆಯಿರಿ. 'ಪವರ್ ಆನ್ ಅವರ್ಸ್' ಸೊನ್ನೆಯ ಆಸುಪಾಸು ಇರಬೇಕು. ಅಲ್ಲಿ ಕಾಣುವ ಸೀರಿಯಲ್ ನಂಬರ್ ಡಿಸ್ಕಿನ ಸ್ಟಿಕ್ಕರಿನದೇ ಆಗಿರಬೇಕು. ಆ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ. ನಾನು ಹಾಕಿದಾಗ ಬಂದ ಉತ್ತರ: ಇದು ಬೇರೊಂದು ತಯಾರಕರಿಗೆ ಯಂತ್ರದೊಳಗೆ ಜೋಡಿಸಲು ಕೊಟ್ಟ ಡಿಸ್ಕ್, ನೇರ ವಾರಂಟಿ ಇಲ್ಲ. ಚೀಲದ ಮೇಲೆ ಎಂಆರ್‌ಪಿ ಇರಲಿಲ್ಲ, ಆಮದುದಾರರ ವಿಳಾಸ ಇರಲಿಲ್ಲ. ಆಮದಾದ ಪೊಟ್ಟಣದ ಮೇಲೆ ಎರಡೂ ಇರಬೇಕು ಅಂತ ನಮ್ಮಲ್ಲಿ ಕಾನೂನೇ ಇದೆ.

ಇದನ್ನು ಹುಬ್ಬಳ್ಳಿಯ ಚಾಳಿ ಅಂದುಕೊಳ್ಳಬೇಡಿ. 2025ರ ಜನವರಿಯಲ್ಲಿ ಜರ್ಮನಿಯ ಹೈಸೆ ಸುದ್ದಿತಾಣ ಇಂಥದ್ದೇ ಹಗರಣ ಬಯಲು ಮಾಡಿತು. ಬಳಸಿದ ಸೀಗೇಟ್ ಡಿಸ್ಕುಗಳನ್ನು ಹೊಸವೆಂದು ಅಲ್ಲಿನ ವ್ಯಾಪಾರಿಗಳು ಮಾರಿದ್ದರು. ತಾಸಿನ ಲೆಕ್ಕವನ್ನೂ ಯಾರೋ ಸೊನ್ನೆ ಮಾಡಿಟ್ಟಿದ್ದರು. ಫಾರ್ಮ್ ಅನ್ನೋ ಇನ್ನೊಂದು ದಾಖಲೆ ಒಳಗೆ ಉಳಿದಿತ್ತು, ಅದರಿಂದ ಸಿಕ್ಕಿಬಿದ್ದವು. ನಮಗೆ ಕೊಟ್ಟವರು ಅಷ್ಟೂ ಶ್ರಮ ಪಟ್ಟಿರಲಿಲ್ಲ.

"ಹೋಗ್ಲಿ ಬಿಡೋ, ಹೆಂಗೂ ಓಡತದಲ್ಲ" ಅಂದಳು ಅವ್ವ. ಒಂದು ಬ್ಲೌಸಿಗೆ ಆಕೆಗೆ ಸಿಗೋದು ಎಷ್ಟು ಅಂತ ನನಗೆ ಗೊತ್ತು. ನಾನೇ ಹೋದೆ.

ಬಿಲ್ ಇದ್ದದ್ದು ಪುಣ್ಯ. ಅದರಲ್ಲಿ 'ನ್ಯೂ' ಅಂತ ಅವರೇ ಬರೆದಿದ್ದರು. ಲ್ಯಾಪ್‌ಟಾಪ್ ಕೌಂಟರ್ ಮೇಲಿಟ್ಟು ತಾಸಿನ ಲೆಕ್ಕ ತೋರಿಸಿದೆ. "ಸಾಫ್ಟ್‌ವೇರ್ ತಪ್ಪು ತೋರಸ್ತದ ಸರ್" ಅಂದರು. "ಹಂಗಾದ್ರ ನಿಮ್ಮ ಅಂಗಡಿಯ ಇನ್ನೊಂದು ಸೀಲ್ ಪೀಸ್ ಹಚ್ಚಿ ನೋಡೋಣ ಬರ್ರಿ" ಅಂದೆ. ಹಚ್ಚಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಇಲ್ಲಿಂದಲೇ ಮಾತಾಡ್ತೀನಿ ಅಂದಾಗ ಡ್ರಾವರ್ ತೆರೆಯಿತು. 3,500ನ್ನು ಎಣಿಸಿ ಕೊಟ್ಟರು, ಮುಖ ನೋಡಲಿಲ್ಲ.

ಆಮೇಲೆ ತರಿಸಿದ್ದರಲ್ಲಿ ತಾಸು ಸೊನ್ನೆ, ವಾರಂಟಿ ಸರಿ. ಜೋಡಿಸೋದು ಸುಲಭ: ನಮ್ಮದು ಹಳೇ ಮಾಡೆಲ್, ಮೇಲಿನ ಹೊಳೆಯುವ ಮುಚ್ಚಳ ಸರಿಸಿದರೆ ತ್ರಿಕೋನ, ವೃತ್ತದ ಗುರುತಿರುವ ಒಂದೇ ದೊಡ್ಡ ಸ್ಕ್ರೂ. ಹೆಚ್ಚಿನವರು ಎಡವೋದು ತಂತ್ರಾಂಶದಲ್ಲಿ. ಸೋನಿ ತಾಣದಲ್ಲಿ ಎರಡು ಫೈಲ್ ಇವೆ. ಚಿಕ್ಕದು ಅಪ್‌ಡೇಟ್, ಖಾಲಿ ಡಿಸ್ಕಿಗೆ ನಡೆಯೋದಿಲ್ಲ. ಸುಮಾರು ಒಂದು ಜಿಬಿಯ ರೀಇನ್‌ಸ್ಟಾಲ್ ಫೈಲ್ ಬೇಕು. ಪೆನ್‌ಡ್ರೈವಿನಲ್ಲಿ 'ಪಿಎಸ್4', ಅದರೊಳಗೆ 'ಅಪ್‌ಡೇಟ್' ಅನ್ನೋ ಫೋಲ್ಡರ್ ಮಾಡಿ, ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಹೆಸರಿಟ್ಟು, ಅದರಲ್ಲಿ ಫೈಲ್ ಹಾಕಬೇಕು.

ಆಟ ಮತ್ತೆ ಇಳಿಸಿಕೊಳ್ಳಬಹುದು. ತಮ್ಮ ಮೂರು ವರ್ಷ ಆಡಿದ ಸೇವ್? ಪಿಎಸ್4 ಡಿಸ್ಕಿನಲ್ಲಿ ಎಲ್ಲವೂ ಗೂಢಲಿಪಿಯಲ್ಲಿ ಇರುತ್ತದೆ, ಲ್ಯಾಪ್‌ಟಾಪಿಗೆ ಹಚ್ಚಿ ಓದೋ ಮಾತಿಲ್ಲ. ಅವನ ಮುಖ ಇಳಿದುಹೋಯಿತು. ಖಾಲಿ ಪೆನ್‌ಡ್ರೈವ್ ಇಲ್ಲದೆ ಅವ್ವನ ಭಜನೆ ಸ್ಪೀಕರಿನದನ್ನೇ ಕಿತ್ತುಕೊಂಡು ಬಂದಿದ್ದೆ. ತೆರೆದರೆ ದಾಸರ ಪದಗಳ ಪಕ್ಕದಲ್ಲಿ 'ಪಿಎಸ್4' ಅನ್ನೋ ಫೋಲ್ಡರ್ ಆಗಲೇ ಇತ್ತು. ಹೋದ ದೀಪಾವಳಿಗೆ ಬಂದಾಗ ನಾನು ಗದರಿಸಿದ್ದಕ್ಕೆ ಅವನೇ ಸೇವ್ ಕಾಪಿ ಮಾಡಿ, ಮರೆತೇಬಿಟ್ಟಿದ್ದ.

ಹಳೇ ಅಕೌಂಟಿನಲ್ಲೇ ಲಾಗಿನ್ ಆಗಿ ವಾಪಸ್ ಹಾಕಿದ್ವಿ. ದೀಪಾವಳಿ ನಂತರ ಗೆದ್ದ ಎರಡು ಲೀಗ್ ಹೋದವು. "ಅವನ್ನ ಮತ್ತ ಗೆಲ್ಲತೀನಿ ತಗೋ" ಅಂದು ಕೂತ. ಅವ್ವ ಒಳಗಿಂದ ಕೂಗಿದಳು: "ಆಡಿದ್ದಾದ ಮ್ಯಾಲೆ ನನ್ನ ಪೆನ್‌ಡ್ರೈವ್ ಕೊಡ್ರಿ, ಸಂಜೀಗೆ ಭಜನಿಗೆ ಬೇಕು."