ಹಳೇ ಎಂಜಿನ್ ಗುಜರಿಯಲ್ಲ

ನಮ್ಮ ಕೊಲ್ಹಾರದಲ್ಲಿ ರೈಲ್ವೆ ಸ್ಟೇಷನ್ ಇಲ್ಲ. ಆದರೂ ನನಗೆ ಉಗಿಬಂಡಿ ಎಂದರೆ ಬಹಳ ಹುಚ್ಚು.

ಗದಗ–ವಿಜಯಪುರ ಹಳಿಗಳ ನಡುವೆ ಮೊದಲು ಒಂದೇ ಮೀಟರ್ ಅಂತರವಿತ್ತು, ಈಗ 1,676 ಮಿಲಿಮೀಟರ್ ಇದೆ. ಆ ಸಣ್ಣ ಹಳಿಯ ಉಗಿಬಂಡಿಯಲ್ಲಿ ಹೋಗಿದ್ದ ನಮ್ಮ ಮುತ್ಯಾ, “ಕಿಡಕ್ಯಾಗ ಕುಂತ್ರ ಕಣ್ಣಾಗ ಇದ್ದಲಿ ಪುಡಿ ಬೀಳತಿತ್ತು” ಅಂತಾನ.

“ಹಳೇ ಎಂಜಿನ್ ಗುಜರಿಗೆ ಹಾಕಬೇಕು” ಎಂದು ಗೆಳೆಯರು ನಗುತ್ತಾರೆ. ನಾನು ಒಪ್ಪುವುದಿಲ್ಲ. ಮುತ್ಯಾನ ಹಳೇ ಮನಿ ಆಲಮಟ್ಟಿ ಹಿನ್ನೀರಿನಾಗ ಮುಳುಗಿತು. ಅದನ್ನು ನಾನು ನೋಡಲೇ ಇಲ್ಲ, ಬರೀ ಕೇಳೀನಿ. ಹಳೇ ಎಂಜಿನ್‌ಗಳನ್ನಾದರೂ ಕಣ್ಣಾರೆ ನೋಡಬಹುದು. ಮೈಸೂರಿನಲ್ಲಿ 1979ರಿಂದ, ಹುಬ್ಬಳ್ಳಿಯಲ್ಲಿ 2020ರಿಂದ ರೈಲ್ವೆ ವಸ್ತುಸಂಗ್ರಹಾಲಯ ಇದೆ. ಜೋಪಾನ ಮಾಡಿದವರಿದ್ದಾರೆ, ಅದಕ್ಕೇ ಉಳಿದಾವ.

ಗುರುಗಳೇ, ಈ ವರ್ಷದ ಪ್ರವಾಸ ಹುಬ್ಬಳ್ಳಿಗೇ ಇರಲಿ. ನೋಡಿ ಬಂದ ಮೇಲೂ ಗುಜರಿ ಅನ್ನುವವರು ಕೈ ಎತ್ತಲಿ!

– 7ನೇ ತರಗತಿ ವಿದ್ಯಾರ್ಥಿ